ಒಂದು ರಾತ್ರಿಯ ರಸೀದಿ ತೋರಿಸಿ ರಾಜ್ಯ ಬದಲಿಸಲು ಹೊರಟವರಿಗೆ

ಅಮೆರಿಕದಲ್ಲಿ ಮನೆ ಖಾಲಿ ಮಾಡಿ ವರ್ಷವಿಡೀ ಆರ್‌ವಿಯಲ್ಲೇ (ಒಳಗೇ ಮನೆಯಿರುವ ಗಾಡಿಯಲ್ಲೇ) ಇರುತ್ತೇವೆ ಅಂತ ಹೊರಟ ಯಾರಿಗೇ ಆಗಲಿ ಮೊದಲು ಸಿಗುವ ಸಲಹೆ ಒಂದೇ: ಸೌತ್ ಡಕೋಟಾ, ಟೆಕ್ಸಸ್, ಫ್ಲಾರಿಡಾ, ಈ ಮೂರರಲ್ಲಿ ಒಂದು ಕಡೆ ವಿಳಾಸ ಮಾಡಿಕೊಳ್ಳಿ, ರಾಜ್ಯದ ಆದಾಯ ತೆರಿಗೆ ತಪ್ಪುತ್ತದೆ. ಮಾತು ಸುಳ್ಳಲ್ಲ. ಮೂರೂ ಕಡೆ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ. ಊರೂರು ಸುತ್ತುವವರಿಗೆ ವಿಳಾಸ ಕೊಟ್ಟು ಟಪಾಲು ಇಟ್ಟುಕೊಳ್ಳುವ ಅಂಚೆ ಸೇವೆಗಳೂ ಅಲ್ಲಿ ಬೇಕಾದಷ್ಟಿವೆ. ಆದರೆ ಸಲಹೆ ಕೊಡುವವರು ಅಷ್ಟಕ್ಕೇ ನಿಲ್ಲಿಸುತ್ತಾರೆ. ನನಗೂ ನನ್ನ ಹೆಂಡತಿಗೂ ಆಮೇಲೆ ಆದದ್ದನ್ನು ಬರೆಯುತ್ತಿದ್ದೇನೆ. ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರು ದಯವಿಟ್ಟು ಪೂರ್ತಿ ಓದಿ. ಆರ್‌ವಿ ಮಂದಿಯ ಸಲಹೆಗಳೆಲ್ಲ ಅಮೆರಿಕದ ಪ್ರಜೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುವಂಥವು.

ನಾವು ಆರಿಸಿದ್ದು ಸೌತ್ ಡಕೋಟಾ. ನಾವು ಹೋದಾಗ ಅಲ್ಲಿನ ಕ್ಯಾಂಪ್‌ಗ್ರೌಂಡಿನಲ್ಲೋ ಹೋಟೆಲಿನಲ್ಲೋ ಒಂದು ರಾತ್ರಿ ತಂಗಿದ ರಸೀದಿ, ಅಂಚೆ ಸೇವೆಯ ವಿಳಾಸ, ಒಂದು ಅಫಿಡವಿಟ್, ಇಷ್ಟಿದ್ದರೆ ಡ್ರೈವಿಂಗ್ ಲೈಸೆನ್ಸ್ ಕೈಗೆ ಬರುತ್ತಿತ್ತು. ಗಾಡಿ ಖರೀದಿಯ ಮೇಲಿನ ತೆರಿಗೆಯೂ ಅಲ್ಲಿ 4% ಮಾತ್ರ; ಫ್ಲಾರಿಡಾದಲ್ಲಿ 6%, ಟೆಕ್ಸಸ್‌ನಲ್ಲಿ 6.25%. ಒಂದೂವರೆ ಲಕ್ಷ ಡಾಲರಿನ ಆರ್‌ವಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅಂಚೆ ಸೇವೆಯವರು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಇವತ್ತಿಂದ ನೀವು ನಮ್ಮ ರಾಜ್ಯದವರು, ಹಳೇ ರಾಜ್ಯದ ಚಿಂತೆ ಬಿಟ್ಟುಬಿಡಿ." ಲೈಸೆನ್ಸ್ ಕೊಡುವ ಕೌಂಟರಿನ ಮಟ್ಟಿಗೆ ಅದು ನಿಜ. ಬ್ಯಾಂಕು, ಆರೋಗ್ಯ ವಿಮೆ, ತೆರಿಗೆ ಇಲಾಖೆ, ಇಮಿಗ್ರೇಷನ್, ಇವರಲ್ಲಿ ಒಬ್ಬೊಬ್ಬರಿಗೂ 'ನೀವು ಎಲ್ಲಿಯವರು' ಅಂತ ತೀರ್ಮಾನಿಸಲು ಬೇರೆ ಬೇರೆ ಕಾನೂನಿದೆ. ವಿಳಾಸ ಮಾರುವವರು ಈ ಸುದ್ದಿಯನ್ನೇ ಎತ್ತುವುದಿಲ್ಲ.

ಮೊದಲು ಅಡ್ಡ ಬಂದದ್ದು ಬ್ಯಾಂಕು. ಹೊಸ ಖಾತೆಯ ಫಾರಂನಲ್ಲಿ ವಿಳಾಸ ತುಂಬಿದ ಕೂಡಲೇ ಕೆಂಪಕ್ಷರ: ವಾಸದ ವಿಳಾಸ ಕೊಡಿ. ಇಂಥ ಅಂಚೆ ಸೇವೆಗಳೆಲ್ಲ ಅಂಚೆ ಇಲಾಖೆಯ ಪಟ್ಟಿಯಲ್ಲಿ 'ವಾಣಿಜ್ಯ ಟಪಾಲು ಏಜೆನ್ಸಿ' ಎಂದು ದಾಖಲಾಗಿರುತ್ತವೆ, ಬ್ಯಾಂಕಿನ ಕಂಪ್ಯೂಟರು ಆ ಪಟ್ಟಿ ನೋಡಿಯೇ ತಳ್ಳಿಬಿಡುತ್ತದೆ. ಗ್ರಾಹಕರ ಗುರುತು ಪರಿಶೀಲನೆಯ ಫೆಡರಲ್ ನಿಯಮದಲ್ಲಿ ಇದಕ್ಕೊಂದು ದಾರಿ ಇದೆ. ಸ್ವಂತ ವಾಸದ ವಿಳಾಸವೇ ಇಲ್ಲದವರು ಹತ್ತಿರದ ಸಂಬಂಧಿಕರ ವಿಳಾಸ ಕೊಡಬಹುದು. ಕಸ್ಟಮರ್ ಕೇರ್‌ನವರಿಗೇ ಇದು ಗೊತ್ತಿರಲಿಲ್ಲ. ಕೊನೆಗೆ ನ್ಯೂಜೆರ್ಸಿಯಲ್ಲಿರುವ ನನ್ನ ಭಾವನ ಮನೆಯ ವಿಳಾಸ ಕೊಟ್ಟು ಕೆಲಸ ಮುಗಿಸಿದೆವು.

ಆಮೇಲೆ ಆ ಅಂಚೆ ಸೇವೆಯೇ ಕೈಕೊಟ್ಟಿತು. ನಮ್ಮ ಟಪಾಲು ಪೆಟ್ಟಿಗೆ ಇದ್ದ ಶಾಖೆಯನ್ನು ಮುಚ್ಚುತ್ತಿದ್ದೇವೆ ಎಂದು ಒಂದು ಇಮೇಲ್ ಬಂತು, ಅಷ್ಟೇ. ಮನೆ ಬದಲಿಸಿದರೆ ಅಂಚೆ ಕಚೇರಿಯಲ್ಲಿ ಫಾರಂ ತುಂಬಿದರಾಯಿತು, ಟಪಾಲು ಹೊಸ ಕಡೆಗೆ ಬರುತ್ತದೆ. ಇಂಥ ಏಜೆನ್ಸಿಯ ಪೆಟ್ಟಿಗೆ ಬಿಟ್ಟವರಿಗೆ ಆ ಸೌಲಭ್ಯ ಇಲ್ಲ. ಮುಂದಿನ 6 ತಿಂಗಳು ಟಪಾಲು ಮರುರವಾನೆ ಮಾಡುವ ಹೊಣೆ ಏಜೆನ್ಸಿಯದೇ, ಅದಕ್ಕಾಗುವ ಅಂಚೆ ಖರ್ಚು ನಮ್ಮದು. ಬಾಗಿಲು ಹಾಕಿಕೊಂಡು ಹೋಗುತ್ತಿರುವವರನ್ನು ಹಿಡಿದು ಕೇಳುವವರು ಯಾರು? ಲೈಸೆನ್ಸ್, ಗಾಡಿ ರಿಜಿಸ್ಟ್ರೇಷನ್, ವಿಮೆ, ಎಲ್ಲವೂ ಆ ಒಂದು ಪೆಟ್ಟಿಗೆಯ ನಂಬರಿಗೆ ಅಂಟಿಕೊಂಡಿದ್ದವು. ರಿಜಿಸ್ಟ್ರೇಷನ್ ನವೀಕರಣದ ಕಾಗದ ಹಳದಿ ಚೀಟಿ ಅಂಟಿಸಿಕೊಂಡು ಕಳಿಸಿದವರಿಗೇ ವಾಪಸು ಹೋಯಿತು. ಅಗ್ಗದ ಯೋಜನೆ ನೋಡಿ ವಿಳಾಸ ಕೊಳ್ಳಬೇಡಿ. ಎಷ್ಟು ವರ್ಷದಿಂದ ಅದೇ ಕಟ್ಟಡದಲ್ಲಿದ್ದಾರೆ ಅಂತ ಮೊದಲು ವಿಚಾರಿಸಿ.

ಆರೋಗ್ಯ ವಿಮೆಯ ವಿಷಯ ಇದಕ್ಕಿಂತ ಗಂಭೀರ. ಕಂಪನಿಯ ವಿಮೆ ಇಲ್ಲದವರು ಮಾರ್ಕೆಟ್‌ಪ್ಲೇಸ್ ಎಂಬ ಸರ್ಕಾರಿ ವಿಮಾ ಪೇಟೆಯಲ್ಲಿ ಕೊಳ್ಳುವ ಪಾಲಿಸಿ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಲೆಕ್ಕದ್ದು. ನಿಮ್ಮ ಪೆಟ್ಟಿಗೆ ಯಾವ ಕೌಂಟಿಯಲ್ಲಿದೆಯೋ ಅಲ್ಲಿನ ಡಾಕ್ಟರುಗಳೇ ನಿಮ್ಮ ನೆಟ್‌ವರ್ಕ್, ಅಂದರೆ ವಿಮೆ ಒಪ್ಪುವ ಡಾಕ್ಟರುಗಳ ಪಟ್ಟಿ. ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್‌ಸೈಟ್ ಹತ್ತಿರ ಮರುಭೂಮಿಯಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದಾಗ ನನ್ನ ಹೆಂಡತಿಗೆ ಅಪೆಂಡಿಕ್ಸ್ ಆಯಿತು. ತುರ್ತು ಆಪರೇಷನ್ನಿಗೆ ತೊಂದರೆಯಾಗಲಿಲ್ಲ. 2022ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ತುರ್ತು ಚಿಕಿತ್ಸೆ ನೆಟ್‌ವರ್ಕಿನ ಹೊರಗಿದ್ದರೂ ಒಳಗಿನ ದರದಲ್ಲೇ ಲೆಕ್ಕ. ಆದರೆ ರಸ್ತೆಯ ಮೇಲಿನ ಆಂಬುಲೆನ್ಸಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಹೊಲಿಗೆಯಲ್ಲಿ ಕೀವು ಕಟ್ಟಿ ಆಮೇಲೆ ಮತ್ತೆ ಮತ್ತೆ ಡಾಕ್ಟರ ಹತ್ತಿರ ಓಡಾಡಿದೆವಲ್ಲ, ಅದನ್ನು ವಿಮೆಯವರು ತುರ್ತು ಎಂದು ಒಪ್ಪಲಿಲ್ಲ. "ನಿಮ್ಮ ಊರಿನ ಡಾಕ್ಟರಿಗೆ ತೋರಿಸಬಹುದಿತ್ತಲ್ಲ" ಅಂದರು. ನಮ್ಮ ಊರು ಅಂದರೆ ಸಾವಿರ ಮೈಲಿಗೂ ಹೆಚ್ಚು ದೂರದ, ಆ ಹೊತ್ತಿಗೆ ಹಿಮದಲ್ಲಿ ಹೂತಿದ್ದ ಒಂದು ಅಂಚೆ ಪೆಟ್ಟಿಗೆ. ಬಿಲ್ಲನ್ನು ಕೈಯಿಂದಲೇ ಕಟ್ಟಿದೆವು.

ಇನ್ನು ತೆರಿಗೆ, ಇಡೀ ಸಾಹಸಕ್ಕೆ ಕಾರಣವಾದದ್ದು. ನಮ್ಮ ಹಳೆಯ ರಾಜ್ಯದ ಹೆಸರು ಬೇಡ. ಅಲ್ಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೆವು, ಸಾಮಾನು ಸ್ಟೋರೇಜ್ ಯೂನಿಟ್ಟಿನಲ್ಲಿತ್ತು, ಹಲ್ಲಿನ ಡಾಕ್ಟರು ಹಳಬರೇ. ತೆರಿಗೆ ಇಲಾಖೆಯಿಂದ ಒಂದು ಪ್ರಶ್ನಾವಳಿ ಬಂತು. ಮದುವೆಗೆ ಹೆಣ್ಣು ನೋಡಲು ಬಂದವರೂ ಅಷ್ಟು ಕೇಳಿರಲಿಕ್ಕಿಲ್ಲ. ಕಾರ್ಡ್ ಯಾವ ಊರಿನಲ್ಲಿ ಹೆಚ್ಚು ಉಜ್ಜಿದ್ದೀರಿ, ಬೆಲೆಬಾಳುವ ವಸ್ತು ಎಲ್ಲಿಟ್ಟಿದ್ದೀರಿ, ವರ್ಷದಲ್ಲಿ ಎಷ್ಟು ದಿನ ಯಾವ ರಾಜ್ಯದಲ್ಲಿದ್ದಿರಿ, ಪುರಾವೆ ಸಮೇತ ಬರೆಯಿರಿ. ಹೊಸ ಲೈಸೆನ್ಸ್ ಅವರ ಕಣ್ಣಿಗೆ ನೂರು ಕಾಗದಗಳಲ್ಲಿ ಒಂದು ಕಾಗದ. ಹಳೆಯ ರಾಜ್ಯ ಬಿಟ್ಟದ್ದೂ ನಿಜ, ಹೊಸದರಲ್ಲಿ ನೆಲೆ ನಿಲ್ಲುವ ಉದ್ದೇಶವೂ ನಿಜ ಎಂದು ಎರಡನ್ನೂ ತೋರಿಸುವವರೆಗೆ ಹಳೆಯದೇ ನಿಮ್ಮ ರಾಜ್ಯ. ಸೌತ್ ಡಕೋಟಾದಲ್ಲಿ ನಮಗೆ ಡಾಕ್ಟರಿಲ್ಲ, ದೇವಸ್ಥಾನವಿಲ್ಲ, ನೆಂಟರಿಲ್ಲ. ಇದ್ದದ್ದು ಒಂದು ಪೆಟ್ಟಿಗೆ, ಅದೂ ಮುಚ್ಚಿಹೋದದ್ದು. ಮೊದಲ ವರ್ಷದ ತೆರಿಗೆಯನ್ನು ಬಡ್ಡಿ ಸಮೇತ ಹಳೆಯ ರಾಜ್ಯಕ್ಕೇ ಕಟ್ಟಿದೆವು.

ಲೆಕ್ಕ ಎಲ್ಲ ಕಡೆ ಒಂದೇ ಥರ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 9 ತಿಂಗಳಿಗಿಂತ ಹೆಚ್ಚು ಕಳೆದರೆ ನೀವು ಅಲ್ಲಿಯವರೆಂದೇ ಊಹೆ. ನ್ಯೂಯಾರ್ಕಿನಲ್ಲಿ ಕಾಯಂ ಮನೆ ಇಟ್ಟುಕೊಂಡು 183 ದಿನ ದಾಟಿದರೆ ಸಿಕ್ಕಿಬಿದ್ದಂತೆ. ಇದರ ಮೇಲೆ ರಿಮೋಟ್ ಕೆಲಸದವರಿಗೆ ಇನ್ನೊಂದು ಗಂಟು: ಲ್ಯಾಪ್‌ಟಾಪ್ ಬಿಚ್ಚಿ ಕೂತು ಸಂಬಳ ದುಡಿದದ್ದು ಯಾವ ರಾಜ್ಯದಲ್ಲೋ ಆ ರಾಜ್ಯಕ್ಕೂ ಅದರ ಮೇಲೆ ತೆರಿಗೆಯ ಹಕ್ಕಿದೆ. ಬೇಸಿಗೆಯಿಡೀ ಆರೆಗನ್‌ನಲ್ಲಿ ಕೂತು ಕೆಲಸ ಮಾಡಿದವರನ್ನು ಟೆಕ್ಸಸ್ ವಿಳಾಸ ಕಾಪಾಡುವುದಿಲ್ಲ.

ಈಗ ನಮ್ಮಂಥವರ ವಿಷಯ. ತೆರಿಗೆಯವರು 'ನಿಮ್ಮ ಉದ್ದೇಶ ಏನು, ಎಲ್ಲಿಗೆ ಮರಳುವ ಮನಸ್ಸಿದೆ' ಅಂತಲಾದರೂ ಕೇಳುತ್ತಾರೆ. ಇಮಿಗ್ರೇಷನ್ ಕಾನೂನಿನಲ್ಲಿ ವಾಸ ಎಂದರೆ ನೀವು ವಾಸ್ತವದಲ್ಲಿ ಬದುಕುತ್ತಿದ್ದ ಜಾಗ, ಅಷ್ಟೇ. ಮನಸ್ಸಿನಲ್ಲಿ ಏನಿತ್ತು ಎಂಬುದು ಲೆಕ್ಕಕ್ಕಿಲ್ಲ. ಪೌರತ್ವಕ್ಕೆ ಎನ್-400 ಅರ್ಜಿ ಹಾಕುವವರು ಅರ್ಜಿಗೆ ಮುಂಚೆ 3 ತಿಂಗಳು ಅರ್ಜಿ ಹಾಕುವ ರಾಜ್ಯದಲ್ಲಿ ಅಥವಾ ಇಮಿಗ್ರೇಷನ್ ಜಿಲ್ಲೆಯಲ್ಲಿ ವಾಸವಿರಬೇಕು. ನನ್ನ ಹೆಂಡತಿಯ ಅರ್ಜಿಯನ್ನು ವಕೀಲರು ಇಲ್ಲೇ ತಡೆದರು. ಸೌತ್ ಡಕೋಟಾದಲ್ಲಿ ನಾವು ಮಲಗಿದ್ದ ರಾತ್ರಿಗಳನ್ನು ಕೈಬೆರಳಲ್ಲೇ ಎಣಿಸಬಹುದಿತ್ತು. ಮೇಲಾಗಿ ಆ ಅರ್ಜಿಯಲ್ಲಿ ಹಿಂದಿನ 5 ವರ್ಷ ವಾಸವಿದ್ದ ವಿಳಾಸಗಳನ್ನೆಲ್ಲ ಕೇಳುತ್ತಾರೆ. ಕ್ಯಾಂಪ್‌ಗ್ರೌಂಡ್ ರಸೀದಿಗಳನ್ನೆಲ್ಲ ಎಸೆದವರು ಏನು ಬರೆಯುತ್ತೀರಿ? ಒಂದೂ ಎಸೆಯಬೇಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಗ್ರೀನ್ ಕಾರ್ಡಿನವರೂ ವೀಸಾದವರೂ ವಿಳಾಸ ಬದಲಾದ 10 ದಿನದೊಳಗೆ ಇಮಿಗ್ರೇಷನ್ನಿಗೆ ತಿಳಿಸಬೇಕೆಂಬ ನಿಯಮವೂ ಇದೆ. ದಿನಕ್ಕೊಂದೂರು ಸುತ್ತುವವರು ಯಾವುದನ್ನು, ಎಷ್ಟು ಸಲ ತಿಳಿಸಬೇಕು ಎಂಬುದನ್ನು ವಕೀಲರನ್ನೇ ಕೇಳಿ, ಕ್ಯಾಂಪಿನ ಪಕ್ಕದ ಗಾಡಿಯವರನ್ನಲ್ಲ.

ಎಚ್-1ಬಿ ಮೇಲಿರುವವರಿಗೆ ನನ್ನ ಮಾತು ಚುಟುಕು: ಈ ಸಾಹಸ ಬೇಡ. ನಿಮ್ಮ ಅರ್ಜಿ ಕೆಲಸದ ಜಾಗಕ್ಕೆ ಕಟ್ಟಿದ್ದು, ಮನೆಯಿಂದ ಕೆಲಸ ಮಾಡಿದರೆ ಮನೆಯೇ ಆ ಜಾಗ. ಇಮಿಗ್ರೇಷನ್ ಮೇಲ್ಮನವಿಯ 2015ರ ಸಿಮಿಯೋ ತೀರ್ಪಿನ ನಂತರ, ಅರ್ಜಿಯಲ್ಲಿರುವ ನಗರ ಪ್ರದೇಶ ದಾಟಿ ಕೆಲಸದ ಜಾಗ ಬದಲಿಸಿದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ಯೂಟಾ ರಾಜ್ಯದ ಮೋಆಬ್ ಬೆಟ್ಟಗಳ ಮುಂದೆ ಕೂತು ಮೀಟಿಂಗ್ ಮಾಡುವ ವೀಡಿಯೋ ನೋಡಲು ಚೆಂದ, ಅದನ್ನು ಮಾಡುತ್ತಿರುವವರ ಪಾಸ್‌ಪೋರ್ಟ್ ಯಾವುದು ಅಂತಲೂ ನೋಡಿ.

ಈಗ ನಾವು ಟೆಕ್ಸಸ್‌ಗೆ ಬದಲಾಗಿದ್ದೇವೆ. ತೆರಿಗೆಗಾಗಿ ಅಲ್ಲ, ಚಳಿಗಾಲವನ್ನು ಹೇಗೂ ಅಲ್ಲೇ ಕಳೆಯುತ್ತೇವೆ ಎಂಬ ಕಾರಣಕ್ಕೆ. ಸ್ಯಾನ್ ಆಂಟೋನಿಯೋ ಹತ್ತಿರದ ಆರ್‌ವಿ ಪಾರ್ಕಿನಲ್ಲಿ ತಿಂಗಳ ಲೀಸು, ನಮ್ಮ ಹೆಸರಿಗೇ ಬರುವ ಕರೆಂಟು ಬಿಲ್ಲು, ಅದೇ ಊರಿನ ಡಾಕ್ಟರು. ಬೇರೆ ರಾಜ್ಯದಲ್ಲಿ ಆಗಲೇ ನಮ್ಮ ಹೆಸರಿಗೆ ರಿಜಿಸ್ಟರ್ ಆಗಿದ್ದ ಗಾಡಿಯಾದ್ದರಿಂದ ಹೊಸ ನಿವಾಸಿಯ ತೆರಿಗೆ 90 ಡಾಲರಿಗೇ ಮುಗಿಯಿತು, 6.25% ಕಟ್ಟಬೇಕಾಗಲಿಲ್ಲ. ದೊಡ್ಡ ಮೋಟರ್‌ಹೋಮಿನವರು ಮಾತ್ರ ಒಂದು ನೋಡಿಕೊಳ್ಳಿ: ಗಾಡಿಯ ಅನುಮತಿಸಿದ ಒಟ್ಟು ತೂಕ 26,000 ಪೌಂಡ್ ದಾಟಿದರೆ ಟೆಕ್ಸಸ್‌ನಲ್ಲಿ ಮಾಮೂಲಿ ಕಾರಿನ ಲೈಸೆನ್ಸ್ ಸಾಲದು, ಮೇಲಿನ ದರ್ಜೆಯದಕ್ಕೆ ಪರೀಕ್ಷೆ ಕೊಡಬೇಕು.

ಮತ್ತೆ, ಮೊಂಟಾನಾದಲ್ಲಿ ಹೆಸರಿಗೊಂದು ಎಲ್‌ಎಲ್‌ಸಿ ಕಂಪನಿ ತೆರೆದು ಅದರ ಹೆಸರಿನಲ್ಲಿ ಆರ್‌ವಿ ಕೊಂಡರೆ ಮಾರಾಟ ತೆರಿಗೆ ಸೊನ್ನೆ ಅಂತ ಡೀಲರುಗಳು ಪಿಸುಗುಟ್ಟುತ್ತಾರೆ. ಮೊಂಟಾನಾದಲ್ಲಿ ಮಾರಾಟ ತೆರಿಗೆ ಇಲ್ಲ, ನಿಜ. ಆದರೆ ಆ ಗಾಡಿಯನ್ನು ನಿಜವಾಗಿ ಬಳಸುವ ರಾಜ್ಯಗಳು ಇಂಥವರ ಬೆನ್ನು ಹತ್ತಿ ತೆರಿಗೆ, ದಂಡ ಎರಡನ್ನೂ ವಸೂಲು ಮಾಡಿವೆ. ಗಾಡಿ ಎಲ್ಲಿ ನಿಲ್ಲುತ್ತದೆ, ಯಾರು ಓಡಿಸುತ್ತಾರೆ ಎಂಬುದನ್ನು ಮರೆಮಾಚಿ ತೆಗೆದ ವಿಮೆಯನ್ನು ಅಪಘಾತದ ದಿನ ಕಂಪನಿಯವರು ತಿರಸ್ಕರಿಸಬಹುದು. ನಮಗೂ ಒಬ್ಬ ಡೀಲರು ಇದನ್ನೇ ಹೇಳಿದ್ದ. ಬರಹದಲ್ಲಿ ಕೊಡಪ್ಪ ಅಂದದ್ದಕ್ಕೆ ಮಾತು ಬದಲಿಸಿದ.