ಬೋನ್‌ಲೆಸ್ ಕೋಳಿ, ಬಿಳಿ ಅನ್ನ, ಮುರಿದ ಕಾಲು

ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೀಲರ್, ಗ್ರೇಟ್ ಡೇನ್ ಇಂಥ ದೊಡ್ಡ ತಳಿಯ ಮರಿ ನಿಮ್ಮ ಮನೆಯಲ್ಲಿದ್ದು, ಅದಕ್ಕೆ ದಿನವೂ ಕೋಳಿ ಬೇಯಿಸಿ ಅನ್ನ ಕಲಸಿ ಹಾಕುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಾನೂ ಅದನ್ನೇ ಮಾಡಿದವಳು. ನಮ್ಮ ಕೆಂಚನ ಮುಂಗಾಲು ನಾಲ್ಕೂವರೆ ತಿಂಗಳಿಗೇ ಮುರಿಯಿತು. ಗಾಡಿಗೆ ಸಿಕ್ಕಿಯಲ್ಲ, ಮಹಡಿಯಿಂದ ಬಿದ್ದೂ ಅಲ್ಲ. ದಿವಾನದ ಮೇಲಿಂದ ಇಳಿದ, ಅಷ್ಟೆ. ಆ ದಿವಾನ ಒಂದೂವರೆ ಅಡಿ ಎತ್ತರವೂ ಇಲ್ಲ.

ಕೆಂಚ ಬಂದಾಗ 50 ದಿನದ ಜರ್ಮನ್ ಶೆಫರ್ಡ್ ಮರಿ. ಜೊತೆಗೆ ಕೊಟ್ಟಿದ್ದ ಒಣ ಆಹಾರದ ಚೀಲ ಮುಗಿದ ದಿನ ಅತ್ತೆ ಹೇಳಿದರು: ‘ಆ ಗುಳಿಗೆಯಲ್ಲಿ ಏನೇನು ಬೆರೆಸಿರುತ್ತಾರೋ. ಊರಿನಲ್ಲಿ ನಮ್ಮ ನಾಯಿಗಳು ಮುದ್ದೆ ತಿಂದೇ ಹದಿನಾಲ್ಕು ವರ್ಷ ಬದುಕಿದವು.’ ನನಗೂ ಹೌದೆನಿಸಿತು. ಅಂದಿನಿಂದ ಬೆಳಿಗ್ಗೆ ಆರಕ್ಕೆ ಕುಕ್ಕರ್ ಕೂಗುತ್ತಿದ್ದುದು ಮೊದಲು ಕೆಂಚನಿಗೆ, ಆಮೇಲೆ ನಮಗೆ. ಮೂಳೆ ಗಂಟಲಿಗೆ ಸಿಕ್ಕೀತೆಂದು ಹೆಚ್ಚು ದುಡ್ಡು ಕೊಟ್ಟು ಬೋನ್‌ಲೆಸ್ ತರುತ್ತಿದ್ದೆ. ಉಪ್ಪಿಲ್ಲ, ಖಾರವಿಲ್ಲ. ಮೇಲೊಂದು ಬಟ್ಟಲು ಗಟ್ಟಿ ಮೊಸರು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷವೆಂದು ತಿಳಿದಿತ್ತು, ಒಂದು ಚೂರೂ ಸೋಕಿಸಿರಲಿಲ್ಲ. ಏನು ಹಾಕಬಾರದು ಎಂಬ ಪಟ್ಟಿ ನನಗೆ ಬಾಯಿಪಾಠ. ಹಾಕುತ್ತಿರುವುದರಲ್ಲಿ ಏನು ಇಲ್ಲ ಎಂದು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮೈ ಮಿರಮಿರ ಮಿಂಚುತ್ತಿತ್ತು, ತೂಕ 14 ಕಿಲೋ ಮುಟ್ಟಿತ್ತು. ಹಾಗಾಗಿ ಮೊದಲ ಸೂಚನೆಗಳು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಚೆಂಡಿನ ಹಿಂದೆ ಓಡಿದವನು ನಡುದಾರಿಯಲ್ಲೇ ಕುಳಿತುಬಿಡುತ್ತಿದ್ದ. ಎತ್ತಿಕೊಳ್ಳಲು ಹೋದರೆ ಗುರ್ ಎನ್ನುತ್ತಿದ್ದ. ಮುಂದಿನ ಪಂಜಗಳು ಅಗಲವಾಗಿ ಹರಡಿ, ಅದರ ಮೇಲಿನ ಕೀಲು ನೆಲದತ್ತ ಜಗ್ಗಿತ್ತು. ಬೆಳೆಯುವ ಮರಿ, ದಣಿವು ಎಂದುಕೊಂಡೆ. ಕುಂಟಲು ಶುರುವಾದಾಗ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ಏನು ತಿನ್ನಿಸುತ್ತೀರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾಲು ಮುರಿದ ಮೇಲೆ ಹೋದ ಆಸ್ಪತ್ರೆಯಲ್ಲಿ ವೈದ್ಯರು ಎರಡು ಎಕ್ಸ್‌ರೇಗಳನ್ನು ಪಕ್ಕಪಕ್ಕ ಸಿಕ್ಕಿಸಿದರು. ಒಂದು ಅದೇ ವಯಸ್ಸಿನ ಬೇರೊಂದು ಮರಿಯದು, ಅದರಲ್ಲಿ ಮೂಳೆ ಸುಣ್ಣದ ಗೆರೆ ಎಳೆದ ಹಾಗೆ ಬೆಳ್ಳಗಿತ್ತು. ಕೆಂಚನದರಲ್ಲಿ ಮೂಳೆಯೂ ಮಾಂಸವೂ ಹೆಚ್ಚು ಕಡಿಮೆ ಒಂದೇ ಬೂದು ಬಣ್ಣ. ಮೂಳೆಯ ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ‘ಕ್ಯಾಲ್ಸಿಯಂ ಕಡಿಮೆಯಾಗಿದೆಯಮ್ಮ’ ಎಂದರು. ಆದರೆ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತಲ್ಲ ಎಂದು ನಾನು ವಾದಕ್ಕಿಳಿದೆ. ಅದೇ ಮೋಸ. ರಕ್ತದಲ್ಲಿ ಅದು ಕಡಿಮೆಯಾದರೆ ಹೃದಯ, ಸ್ನಾಯು, ನರ ಎಲ್ಲವೂ ತಪ್ಪುತ್ತವೆ. ಹಾಗಾಗದಂತೆ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯನ್ನು ಕರಗಿಸಿ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಬಿಡುತ್ತದೆ. ಒಲೆ ಆರಬಾರದೆಂದು ಮನೆಯ ತೊಲೆಯನ್ನೇ ಸೀಳಿ ಉರಿ ಹಾಕಿದ ಹಾಗೆ. ವರದಿಯಲ್ಲಿ ಕಾಣುವುದು ಒಲೆ ಮಾತ್ರ.

ಚೀಟಿಯ ಹಿಂಬದಿಯಲ್ಲಿ ಅವರು ಲೆಕ್ಕ ಹಾಕಿದರು. ದಿನಕ್ಕೆ 400 ಗ್ರಾಂ ಕೋಳಿ, 500 ಗ್ರಾಂ ಅನ್ನ, 100 ಗ್ರಾಂ ಮೊಸರು. ಮೂರೂ ಸೇರಿ ಕ್ಯಾಲ್ಸಿಯಂ ಕಾಲು ಗ್ರಾಂ ಮುಟ್ಟುವುದಿಲ್ಲ. ಅವನಿಗೆ ಬೇಕಿದ್ದುದು ಸುಮಾರು 4 ಗ್ರಾಂ. ಜೊತೆಗೆ ಮಾಂಸದ ರಂಜಕ (ಫಾಸ್ಫರಸ್) ಬೇರೆ: ಕ್ಯಾಲ್ಸಿಯಂ ರಂಜಕಕ್ಕಿಂತ ತುಸು ಹೆಚ್ಚಿರಬೇಕಾದ ಕಡೆ ನನ್ನ ಬಟ್ಟಲಿನಲ್ಲಿ ರಂಜಕವೇ ನಾಲ್ಕೈದು ಪಟ್ಟು. ಹಾಲು ಕೊಡಲೇ ಎಂದೆ. ಅಷ್ಟು ಕ್ಯಾಲ್ಸಿಯಂ ಬರಲು ದಿನಕ್ಕೆ ಮೂರು ಲೀಟರ್ ಮೇಲೆ ಹಾಲು ಬೇಕು. ರಾಗಿಯಾದರೆ ಒಂದು ಕಿಲೋಗಿಂತ ಹೆಚ್ಚು ಹಿಟ್ಟು, ಅದರಲ್ಲಿಯೂ ಎಲ್ಲ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಅತ್ತೆಯ ಊರಿನ ನಾಯಿಗಳು ಮುದ್ದೆಯ ಜೊತೆಗೆ ಸಿಕ್ಕಿದ ಮೂಳೆಯನ್ನೆಲ್ಲ ಕಡಿದವು, ಅವು ಬೆಳೆದದ್ದೂ ಸಣ್ಣ ಗಾತ್ರಕ್ಕೆ. ಹುಟ್ಟಿದಾಗ ಅರ್ಧ ಕಿಲೋ ಇದ್ದ ಮರಿ ನಾಲ್ಕು ತಿಂಗಳಿಗೆ 14 ಕಿಲೋ ಆಗುವಾಗ ಮೂಳೆ ಕಟ್ಟುವ ಸಾಮಾನು ಎಷ್ಟು ಬೇಕೆಂದು ನಾವು ಯಾರೂ ಯೋಚಿಸಿರಲಿಲ್ಲ.

ಇನ್ನು ಎರಡನೆಯ ತಪ್ಪು. ಇದನ್ನು ಹೇಳುವುದಕ್ಕೇ ನಾನು ಮುಖ್ಯವಾಗಿ ಕುಳಿತದ್ದು. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಅಂಗಡಿಯೊಂದರಲ್ಲಿ ಕ್ಯಾಲ್ಸಿಯಂ ಸಿರಪ್ಪಿನ ಎರಡು ಬಾಟಲಿ ಕೊಂಡೆ. ಕಡಿಮೆಯಾದದ್ದನ್ನು ದುಪ್ಪಟ್ಟು ಕೊಟ್ಟು ತುಂಬಿಸುವ ಹುಮ್ಮಸ್ಸು. ಪುಣ್ಯಕ್ಕೆ ಕೊಡುವ ಮೊದಲು ಫೋನು ಮಾಡಿದೆ. ವೈದ್ಯರು ಬೈದೇಬಿಟ್ಟರು. ದೊಡ್ಡ ತಳಿಯ ಮರಿಗಳಿಗೆ ಸುಮಾರು ಆರು ತಿಂಗಳವರೆಗೆ ಬೇಡದ ಕ್ಯಾಲ್ಸಿಯಂ ಅನ್ನು ಕರುಳಿನಲ್ಲೇ ತಡೆಯುವ ಶಕ್ತಿ ಬಲಿತಿರುವುದಿಲ್ಲ. ಸುರಿದದ್ದೆಲ್ಲ ಒಳಗೆ ಹೋಗುತ್ತದೆ, ಎಳೆಮೂಳೆ ಮೂಳೆಯಾಗುವ ಕ್ರಮವೇ ಕೆಡುತ್ತದೆ, ಕೀಲುಗಳು ಹಾಳಾಗುತ್ತವೆ, ಸತು ಕೂಡ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮೊಟ್ಟೆಯ ಚಿಪ್ಪಿನ ಪುಡಿಯೂ ಅಷ್ಟೆ: ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಂದಾಜಿನಲ್ಲಿ ಉದುರಿಸುವ ವಸ್ತುವಲ್ಲ. ಅದರಲ್ಲಿ ಸತು, ತಾಮ್ರ, ಅಯೋಡಿನ್, ಡಿ ವಿಟಮಿನ್ ಲೆಕ್ಕಕ್ಕೆ ಬರುವಷ್ಟು ಇಲ್ಲ, ಅವೂ ನನ್ನ ಕೋಳಿ ಅನ್ನದಲ್ಲಿ ಸಾಲುತ್ತಿರಲಿಲ್ಲ. ಬಿಸಿಲಿಗೆ ಬಿಟ್ಟರೆ ಡಿ ವಿಟಮಿನ್ ಬರುವುದು ನಮಗೆ. ನಾಯಿಗೆ ಅದು ಆಹಾರದಿಂದಲೇ ಬರಬೇಕು.

ಬಾಟಲಿಗಳು ವಾಪಸಾದವು. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಸಮತೋಲಿತ ಆಹಾರಕ್ಕೆ ಒಂದು ವಾರದಲ್ಲಿ ನಿಧಾನವಾಗಿ ಬದಲಾಯಿಸಿದೆವು. ಕಾಲಿಗೆ ಗಟ್ಟಿ ಪಟ್ಟಿ ಹಾಕಲಿಲ್ಲ, ಮೆತ್ತಗಾದ ಮೂಳೆ ಪಟ್ಟಿಯ ಅಂಚಿನಲ್ಲಿ ಮತ್ತೆ ಬಾಗುತ್ತದಂತೆ. ಅದರ ಬದಲು ಆರು ವಾರ ನಡುಮನೆಯ ಮೂಲೆಯಲ್ಲಿ ನಾಲ್ಕಡಿಯ ಕಟಕಟೆ. ಓಡುವ ವಯಸ್ಸಿನ ಮರಿ ಅದರೊಳಗೆ ಕುಳಿತು, ನಾವು ದಾಟಿದಾಗಲೆಲ್ಲ ಬಾಲದಿಂದ ನೆಲ ಬಡಿಯುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು.

ಮನೆಯ ಅಡುಗೆಯೇ ಬೇಡ ಎನ್ನುತ್ತಿಲ್ಲ. ಪಶುವೈದ್ಯರು ಮರಿಯ ತೂಕ, ವಯಸ್ಸು ನೋಡಿ ಬರೆದುಕೊಟ್ಟ ಪಾಕವಿದ್ದರೆ, ಅದರಲ್ಲಿನ ಖನಿಜದ ಪುಡಿಯನ್ನೂ ಬಿಡದೆ ಗ್ರಾಂ ತಕ್ಕಡಿಯಲ್ಲಿ ತೂಗುವ ತಾಳ್ಮೆಯಿದ್ದರೆ ಮಾಡಿ. ನನಗೆ ಆ ಧೈರ್ಯ ಉಳಿದಿಲ್ಲ. ನಿಮ್ಮ ಮರಿ ಈಗಾಗಲೇ ಕುಂಟುತ್ತಿದ್ದರೆ, ಒಂದು ವಾರದಿಂದ ಏನೇನು ಎಷ್ಟೆಷ್ಟು ತಿನ್ನಿಸಿದಿರಿ ಎಂದು ಬರೆದುಕೊಂಡು ಹೋಗಿ, ವೈದ್ಯರು ಕೇಳದಿದ್ದರೂ ಮುಂದಿಡಿ.

ಕೆಂಚನಿಗೀಗ ಒಂದೂವರೆ ವರ್ಷ. ಎಡ ಮುಂಗಾಲು ಹೊರಕ್ಕೆ ಬಾಗಿಯೇ ಉಳಿದಿದೆ, ಮಳೆಗಾಲದಲ್ಲಿ ಅಂಗಳದ ಕೆಸರಿನಲ್ಲಿ ಅವನ ಹೆಜ್ಜೆ ಯಾವುದೆಂದು ಗುರುತು ಸಿಗುತ್ತದೆ. ಹಲ್ಲು ಬದಲಾಗುವಾಗ ಅವನ ಕಿವಿ ಜೋತುಬಿದ್ದಿದ್ದನ್ನು ನೋಡಿ ಬೀದಿಯವರೆಲ್ಲ ‘ಕಿವಿ ನಿಲ್ಲಬೇಕಾದರೆ ಕ್ಯಾಲ್ಸಿಯಂ ಸಿರಪ್ ಕೊಡಿ’ ಎನ್ನುತ್ತಿದ್ದರು. ಸಿರಪ್ಪಿನ ಒಂದು ಹನಿಯೂ ಇಲ್ಲದೆ ಏಳನೆಯ ತಿಂಗಳಿಗೆ ಎರಡೂ ಕಿವಿ ನಿಂತವು.