ಒಂದೇ ಬಾನೆಟ್, ನಾಲ್ಕು ಬಫಿಂಗ್ ಮೆಷಿನ್

ನನ್ನ ಕಪ್ಪು ಸ್ವಿಫ್ಟಿಗೆ ಒಂಬತ್ತು ವರ್ಷ. ಬೆಳಗ್ಗೆ ಆರಕ್ಕೇ ಬಂದು, ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಸಾಲಾಗಿ ಹನ್ನೆರಡು ಕಾರು ಒರೆಸಿ ಹೋಗುವ ಹುಡುಗನ ಕೈಗುಣ ಅಷ್ಟೂ ವರ್ಷ ಅದರ ಮೇಲೆ ಬಿದ್ದಿದೆ. ನೆರಳಲ್ಲಿ ನಿಂತಾಗ ಕಾರು ಚೆನ್ನಾಗೇ ಕಾಣುತ್ತದೆ. ಬಿಸಿಲಿಗೆ ತಂದರೆ ಮೈತುಂಬ ಜೇಡರ ಬಲೆಯಂಥ ಸಣ್ಣ ಗೀರು. ಅದನ್ನು ತೆಗೆಸಲು ಹೊರಗೆ ಹೇಳಿದ ರೇಟಿನಲ್ಲಿ ಪಾಲಿಷ್ ಹೊಡೆಯುವ ಒಂದು ಬಫಿಂಗ್ ಮೆಷಿನ್ನೇ ಬರುತ್ತದಲ್ಲ ಎಂಬ ಲೆಕ್ಕದಿಂದ ಈ ಹುಚ್ಚು ಶುರುವಾಯಿತು.

ಜಾಣತನ ಮಾಡಿದ್ದು ಒಂದರಲ್ಲಿ ಮಾತ್ರ, ಸ್ವಂತ ಕಾರಿನ ಮೇಲೆ ಕೈ ಪಳಗಿಸಲು ಹೋಗಲಿಲ್ಲ. ಶಿವಾಜಿನಗರದ ಗುಜರಿಯಿಂದ ಒಂದು ಕಪ್ಪು ಬಾನೆಟ್ ತಂದು, ಎರಡು ಸ್ಟೂಲಿನ ಮೇಲೆ ಮಲಗಿಸಿ, ತೊಳೆದು, ಅಂಟಿದ ಕೊಳೆ ಎತ್ತುವ ಕ್ಲೇ ಉಜ್ಜಿ, ಮಾಸ್ಕಿಂಗ್ ಟೇಪ್ ಅಂಟಿಸಿ ಮೆಷಿನ್ನಿಗೊಂದರಂತೆ ನಾಲ್ಕು ಪಾಲು ಮಾಡಿದೆ. ಕಾಂಪೌಂಡ್, ಅಂದರೆ ಉಜ್ಜುವ ಪೇಸ್ಟ್, ಒಂದೇ, ಫೋಮ್ ಪ್ಯಾಡ್ ಒಂದೇ ಜಾತಿ, ಪ್ರತಿ ಪಾಲಿಗೂ ನಾಲ್ಕು ಸುತ್ತು. ಡ್ರಿಲ್ಲಿಗೆ ಸಿಕ್ಕಿಸುವ ಪ್ಯಾಡನ್ನು ಇದಕ್ಕೂ ಮೊದಲೇ ನೋಡಿ ಕೈಬಿಟ್ಟಿದ್ದೆ. ಮಣಿಕಟ್ಟು ನೋಯುತ್ತದೆ, ಪ್ಯಾಡ್ ಓಲಾಡುತ್ತದೆ. ಇನ್ನು ನಾಲ್ಕಿಂಚಿನ ಗ್ರೈಂಡರಿಗೆ ಉಣ್ಣೆ ಪ್ಯಾಡ್ ಹಾಕಿ ಪಾಲಿಷ್ ಹೊಡೆಯುವವರನ್ನು ನೀವೂ ನೋಡಿರುತ್ತೀರಿ. ಅದು ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುವ ಕಬ್ಬಿಣ ಕತ್ತರಿಸುವ ಸಾಮಾನು. ಅಂಥವರ ಕೈಗೆ ಕಾರು ಕೊಡಬೇಡಿ.

ಕಂಪನಿಯ ಪೇಂಟು ಪ್ರೈಮರಿನಿಂದ ಮೇಲಿನವರೆಗೆ ಸೇರಿಸಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ನಾವು ಉಜ್ಜಬಹುದಾದ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, 35ರಿಂದ 50. ತಲೆಗೂದಲೇ ಇದಕ್ಕಿಂತ ದಪ್ಪ. ಪಾಲಿಷ್ ಎಂದರೆ ಗೀರು ತುಂಬುವುದಲ್ಲ, ಗೀರಿನ ತಳದವರೆಗೆ ಸುತ್ತಲಿನ ಪದರವನ್ನು ಸವೆಸುವುದು. ಹಾಗಾಗಿ ಯಾವ ಮೆಷಿನ್ ಬೇಗ ಹೊಳಪು ತರುತ್ತದೆ ಎಂದು ಕೇಳುವ ಮುಂಚೆ ಯಾವುದು ಎಷ್ಟು ತಿನ್ನುತ್ತದೆ ಎಂದು ಕೇಳಬೇಕು.

ಮೊದಲನೆಯದು ರೋಟರಿ, ಟಿಂಕರಿಂಗ್ ಅಂಗಡಿಯಿಂದ ಒಂದು ದಿನಕ್ಕೆ ಕಡ ತಂದದ್ದು. ಪ್ಯಾಡು ಒಂದೇ ಅಕ್ಷದ ಮೇಲೆ ನೇರ ತಿರುಗುತ್ತದೆ. ಕೊಡುವಾಗ ಅಲ್ಲಿನ ಹಳೇ ಪೇಂಟರು, “ಸಾರ್, ಅಂಚಿಗ್ ಹೋಗ್ಬೇಡಿ, ಅಲ್ಲಿ ಪೇಂಟು ತೆಳ್ಳಗಿರುತ್ತೆ. ಒಂದ್ ಕಡೆ ನಿಲ್ಲಿಸ್ಲೂಬೇಡಿ” ಅಂದರು. ಕೈಗೆ ತೆಗೆದುಕೊಂಡ ಮೇಲೆ ಆ ಮಾತು ಅರ್ಥವಾಯಿತು. ಮೆಷಿನ್ ನಮ್ಮನ್ನೇ ಒಂದು ಪಕ್ಕಕ್ಕೆ ಎಳೆಯುತ್ತದೆ, ಹಗ್ಗ ಬಿಗಿದ ಕರುವಿನ ಹಾಗೆ. ಎರಡನೇ ಸುತ್ತಿಗೇ ಜೇಡರ ಬಲೆ ಮಾಯ. ಖುಷಿಯಲ್ಲಿ ಕೈ ಇಟ್ಟರೆ ಇಡಲಾಗದಷ್ಟು ಬಿಸಿ. ಬಾನೆಟ್ಟಿನ ನಡುವೆ ಏರುವ ಗೆರೆಯ ಮೇಲೆ ಒಂದೆರಡು ಸೆಕೆಂಡ್ ಮೈಮರೆತೆ. ಟೇಪಿನ ಪಕ್ಕದಲ್ಲೇ ಬೆರಳುಗುರಿನಷ್ಟು ಜಾಗ ಬೂದಿಬಣ್ಣಕ್ಕೆ ತಿರುಗಿತು. ಕ್ಲಿಯರ್ ಕೋಟು, ಕಪ್ಪು ಎರಡೂ ಹೋಗಿ ಪ್ರೈಮರ್ ಕಂಡಿತ್ತು. ಗುಜರಿ ಬಾನೆಟ್ಟಿಗೆ ಕೊಟ್ಟ ದುಡ್ಡು ಆ ಕ್ಷಣಕ್ಕೇ ವಸೂಲಾಯಿತು.

ಸಂಜೆ ಟಾರ್ಚಿನಲ್ಲಿ ನೋಡಿದಾಗ ನಾಲ್ಕರಲ್ಲಿ ರೋಟರಿಯ ಪಾಲೇ ಕನ್ನಡಿ. ಆದರೆ ಕಾಂಪೌಂಡಿನಲ್ಲಿರುವ ಎಣ್ಣೆ ಸಣ್ಣ ಗೀರುಗಳನ್ನು ಮುಚ್ಚಿ ಹಿಡಿದಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಒರೆಸಿ, ಮರುದಿನ ಹತ್ತರ ಬಿಸಿಲಿಗೆ ಹಿಡಿದೆ. ಮೀನಿನ ಹೊಟ್ಟೆಯ ಹಾಗೆ ಮಿರುಗುವ ಪಟ್ಟೆಗಳು, ತಲೆ ಅಲುಗಿಸಿದರೆ ಅವೂ ಜರುಗುತ್ತವೆ. ಹಾಲೋಗ್ರಾಮ್ ಅನ್ನುವುದು ಇದನ್ನೇ. ಶೋರೂಮಿನಿಂದ ಈಚೆ ಬಂದ ಹೊಸ ಕಾರುಗಳಲ್ಲೂ ಇದನ್ನು ಕಂಡಿದ್ದೇನೆ. ಪಳಗಿದ ಕೈಯವರು ಕೊನೆಗೆ ಮೆತ್ತನೆ ಪ್ಯಾಡಿನಲ್ಲಿ ತೆಗೆಯಬಲ್ಲರು, ನನ್ನ ಕೈಲಾಗಲಿಲ್ಲ.

ಎರಡನೆಯದು ಎಸ್‌ಜೆಪಿ ರೋಡಿನಲ್ಲಿ ಕೊಂಡ 8 ಮಿಲಿಮೀಟರಿನ ಡಿಎ, ಅಂದರೆ ಡ್ಯುಯಲ್ ಆಕ್ಷನ್. ಪ್ಯಾಡು ತನ್ನಷ್ಟಕ್ಕೆ ತಿರುಗುತ್ತಾ ಸಣ್ಣ ವೃತ್ತದಲ್ಲಿ ಓಲಾಡುತ್ತದೆ. ಆ 8 ಎನ್ನುವುದು ಓಲಾಟದ ಅಗಲ. ತಿರುಗುವಿಕೆಗೆ ಗೇರಿನ ಹಿಡಿತವಿಲ್ಲದ್ದರಿಂದ ಜಾಸ್ತಿ ಒತ್ತಿದರೆ ತಿರುಗುವುದನ್ನು ನಿಲ್ಲಿಸಿ ಬರೀ ನಡುಗುತ್ತದೆ. ಬಣ್ಣ ಉಳಿಯುವುದೂ ಅದರಿಂದಲೇ, ಕೆಲಸ ನಿಲ್ಲುವುದೂ ಅದರಿಂದಲೇ. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟೆ. ಗೆರೆ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ, ಒಂದೇ ಕಡೆ ನಿಂತಿದ್ದರೆ ಕೈಯ ಭಾರ ಇಳಿಸಬೇಕು. ನಾಲ್ಕು ಸುತ್ತಿಗೆ ಬಲೆಯಲ್ಲಿ ಅರ್ಧದಷ್ಟೇ ಹೋಗಿತ್ತು. ಬಿಸಿಲಲ್ಲಿ ಹಾಲೋಗ್ರಾಮ್ ಮಾತ್ರ ಒಂದೂ ಇರಲಿಲ್ಲ.

ಮೂರನೆಯದು 15 ಮಿಲಿಮೀಟರಿನ ಡಿಎ, ವಾರಾಂತ್ಯಕ್ಕೆ ಕಾರುಗಳಿಗೆ ಹೊಳಪು ಕೊಡುವ ಡಿಟೇಲಿಂಗ್ ಮಾಡುವ ಗೆಳೆಯನದು. ಇಟಲಿಯ ರೂಪೆಸ್ ಕಂಪನಿ ತನ್ನ ಬಿಗ್‌ಫೂಟ್ ಮಾಲೆಯಿಂದ ಜನಪ್ರಿಯಗೊಳಿಸಿದ ಜಾತಿ ಇದು. ಅದರಲ್ಲಿ 15ಕ್ಕೆ ಐದಿಂಚಿನ ಪ್ಲೇಟ್, 21 ಮಿಲಿಮೀಟರಿನ ಮೆಷಿನ್ನಿಗೆ ಆರಿಂಚಿನದು. ಸಮತಟ್ಟು ಜಾಗದಲ್ಲಿ ಬೆಣ್ಣೆ ಸವರಿದ ಹಾಗೆ ಜಾರಿತು. ನಾಲ್ಕನೇ ಸುತ್ತಿಗೆ ಹತ್ತಿರ ಹತ್ತಿರ ರೋಟರಿಯಷ್ಟೇ ಸ್ವಚ್ಛ, ಬಿಸಿಯೂ ಕಮ್ಮಿ. ಹೆಡ್‌ಲೈಟ್ ಪಕ್ಕದ ಉಬ್ಬಿಗೆ ಹೋದದ್ದೇ ಮಾರ್ಕರ್ ಗೆರೆ ಗಪ್ಪಂತ ನಿಂತಿತು. ಓಲಾಟ ದೊಡ್ಡದಾದಷ್ಟೂ ಬಾಗಿದ ಜಾಗದಲ್ಲಿ ಪ್ಯಾಡಿನ ಒಂದು ಮಗ್ಗುಲು ಎದ್ದು, ಅದು ಮೊಂಡು ಹಿಡಿಯುತ್ತದೆ.

ನಾಲ್ಕನೆಯದೂ ಆ ಗೆಳೆಯನದೇ, ಗೇರಿನಿಂದ ಬಲವಂತವಾಗಿ ತಿರುಗುವ ಡಿಎ. ಜರ್ಮನಿಯ ಫ್ಲೆಕ್ಸ್ ಎಕ್ಸ್‌ಸಿ 3401 ಈ ಜಾತಿಯಲ್ಲಿ ಹೆಸರಾದದ್ದು. ನನ್ನ ಕೈಗೆ ಬಂದದ್ದು ಬೇರೆ. ಉಬ್ಬಿನಲ್ಲೂ ನಿಲ್ಲುವುದಿಲ್ಲ, ಚೆನ್ನಾಗಿ ತಿನ್ನುತ್ತದೆ. ಆದರೆ ಅರ್ಧ ಗಂಟೆಗೇ ಭುಜ ಪದ ಹೇಳಿತು.

ಪೇಂಟಿನ ದಪ್ಪ ಅಳೆಯುವ ಗೆಳೆಯನ ಗೇಜಿನಲ್ಲಿ ನೋಡಿದಾಗ ರೋಟರಿ ಪಾಲಿನಲ್ಲಿ ನಾಲ್ಕೈದು ಮೈಕ್ರಾನ್ ಇಳಿದಿತ್ತು, ಉಳಿದವುಗಳಲ್ಲಿ ಒಂದೆರಡು. ಗೇಜೇ ಎರಡು ಮೈಕ್ರಾನ್ ಆಚೀಚೆ ಹೇಳುವುದರಿಂದ ಈ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಬೇಡಿ.

ಕೊನೆಗೆ ಸ್ವಿಫ್ಟಿಗೆ ಉಳಿಸಿಕೊಂಡದ್ದು ಅದೇ 8 ಮಿಲಿಮೀಟರಿನದು. 15ನ್ನೇ ಕೊಳ್ಳುತ್ತೇನೆ ಅಂದುಕೊಂಡಿದ್ದ ಗೆಳೆಯನಿಗೆ ಆಶ್ಚರ್ಯ. ಆದರೆ ಈ ಕಾರಿನಲ್ಲಿ ಸಮತಟ್ಟು ಎಂದರೆ ಚಾವಣಿ, ಬಾನೆಟ್ಟಿನ ನಡುಭಾಗ, ಅಷ್ಟೇ. ಉಳಿದದ್ದೆಲ್ಲ ಉಬ್ಬು, ತಗ್ಗು, ಬಂಪರಿನ ಮೂಲೆ. ಅಲ್ಲಿಗೆ ಮೂರಿಂಚಿನ ಪ್ಲೇಟ್ ಬೇಕು. 8ರ ಮೆಷಿನ್ನಿಗೆ ಅದನ್ನು ಹಾಕಿದರೆ ಹೊಂದಿಕೊಂಡಿತು. 15ರ ಒಳಗಿನ ತೂಕ ಐದಿಂಚಿಗೆಂದೇ ಹೊಂದಿಸಿದ್ದು, ಚಿಕ್ಕ ಪ್ಲೇಟ್ ಹಾಕಿದರೆ ಕೈ ಜುಮ್ಮೆನ್ನುವಷ್ಟು ನಡುಗುತ್ತದೆ. ನಾಲ್ಕು ಸುತ್ತಿಗೆ ಹೋಗದ್ದು ಎಂಟಕ್ಕೆ ಹೋಗುತ್ತದೆ. ನನಗೇನು ಸಂಜೆಯೊಳಗೆ ಡೆಲಿವರಿ ಕೊಡಬೇಕೆ? ಇನೋವಾ, ಸ್ಕಾರ್ಪಿಯೋದಂಥ ದೊಡ್ಡ ಗಾಡಿ ಇದ್ದರೆ ಅಥವಾ ತಿಂಗಳಿಗೆ ನಾಲ್ಕು ಕಾರು ಮಾಡುವವರಾದರೆ ನಾನೇ 15 ತಗೊಳ್ಳಿ ಎನ್ನುತ್ತೇನೆ.

ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವ ಆಸೆಯಿದ್ದರೆ ಡಬ್ಬದ ಮೇಲೆ ವೋಲ್ಟೇಜ್ ಓದಿಸಿ. ಅಲ್ಲಿನದು 120, ನಮ್ಮದು 230. ನೇರ ಚುಚ್ಚಿದರೆ ಸುಟ್ಟ ವಾಸನೆ ಗ್ಯಾರಂಟಿ. ಉಳಿಸಿದ ದುಡ್ಡಲ್ಲಿ ಪ್ಯಾಡ್ ಜಾಸ್ತಿ ಕೊಳ್ಳಿ. ಇಡೀ ಕಾರಿಗೆ ನನಗೆ ಆರು ಬೇಕಾಯಿತು, ಎರಡರಲ್ಲಿ ಮುಗಿಸಲು ಹೋದ ಮೊದಲ ದಿನ ಕಾಂಪೌಂಡ್ ಒಣಗಿ ಪ್ಯಾಡು ಅಪ್ಪಳದ ಹಾಗಾಗಿತ್ತು.