ಹಳಿ ಮುಗಿಯುವ ಕಡೆ ರೈಲು ತಿರುಗುವ ಬಗೆ: ಮುಂಬೈ ಸಿಎಸ್‌ಎಂಟಿ, ಹಳೇ ಬಳಕೆದಾರರ ವಿಮರ್ಶೆ

ಎಷ್ಟೋ ವರ್ಷಗಳಿಂದ ನನ್ನ ಕೆಲಸದ ದಾರಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಮೂಲಕವೇ. ಊರಿಗೆ ಹೊರಟಾಗಲೂ ಇಲ್ಲಿಂದಲೇ ಹೊರಡುತ್ತೇನೆ. ಮುಂಬೈಯಲ್ಲಿರುವ ನಮ್ಮ ಕನ್ನಡದವರು ಇದನ್ನು ಇನ್ನೂ ಹಳೇ ಹೆಸರಿನಲ್ಲೇ, ವಿಟಿ (ವಿಕ್ಟೋರಿಯಾ ಟರ್ಮಿನಸ್) ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. 1887ರ ಕಟ್ಟಡ, ಗುಮ್ಮಟದ ಮೇಲೆ ದೀವಟಿಗೆ ಹಿಡಿದ ಹೆಂಗಸು, ಗೇಟಿನ ಕಂಬಗಳ ಮೇಲಿನ ಸಿಂಹ ಮತ್ತು ಹುಲಿ, ಇದನ್ನೆಲ್ಲ ನೋಡಲು ದಿನಾ ಜನ ಬರುತ್ತಾರೆ. ನೋಡಲೇಬೇಕಾದದ್ದೇ. ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಅದರ ಹಿಂದಿರುವ 18 ಪ್ಲಾಟ್‌ಫಾರ್ಮ್‌ಗಳು.

ಇಲ್ಲಿ ಹಳಿ ಮುಗಿಯುತ್ತದೆ. ಹುಬ್ಬಳ್ಳಿಯಲ್ಲಿ ರೈಲು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬಹುದು. ವಿಟಿಯಲ್ಲಿ ಬಫರ್‌ಗೆ, ಅಂದರೆ ಹಳಿಯ ಕೊನೆಯ ತಡೆಗೆ, ಮೂತಿ ತಾಗುವಷ್ಟು ಹತ್ತಿರ ಬಂದು ನಿಂತ ಗಾಡಿ, ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಹಾಗಾಗಿ ಒಂದು ಗಾಡಿ ಎಷ್ಟು ಬೇಗ ಪ್ಲಾಟ್‌ಫಾರ್ಮ್ ಖಾಲಿ ಮಾಡುತ್ತದೆ ಅನ್ನುವುದರ ಮೇಲೆ ಮಿಕ್ಕ ಎಲ್ಲ ಗಾಡಿಗಳ ಟೈಮು ನಿಂತಿದೆ. ಇಷ್ಟು ವರ್ಷಗಳಲ್ಲಿ ಇಲ್ಲಿ ಆದ ಒಳ್ಳೆಯ ಬದಲಾವಣೆಗಳನ್ನು ನಾನು ಅಳೆಯುವುದೂ ಇದರಲ್ಲೇ.

ಕಣ್ಣಾರೆ ನೋಡಬೇಕೆಂದರೆ ಸಂಜೆ 1 ಮತ್ತು 2ನೇ ಪ್ಲಾಟ್‌ಫಾರ್ಮ್ ಹತ್ತಿರ ನಿಲ್ಲಿ. ಪನ್ವೇಲ್, ವಾಶಿ, ಗೋರೆಗಾಂವ್ ಕಡೆಯ ಹಾರ್ಬರ್ ಲೋಕಲ್‌ಗಳೆಲ್ಲ ಈ ಎರಡರಿಂದಲೇ ಹೊರಡಬೇಕು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಜನ ಒಳಗೆ ಹಾರಿರುತ್ತಾರೆ. ಬಫರ್ ಕಡೆಯ ಹೆಡ್‌ಲೈಟ್ ಆರುತ್ತದೆ, ಅಲ್ಲೇ ಕೆಂಪು ದೀಪ ಹತ್ತುತ್ತದೆ. ಅಷ್ಟೇ, ಮುಂದೆ ಇದ್ದದ್ದು ಹಿಂದಾಯಿತು. ಇಂಡಿಕೇಟರ್ ಮೇಲೆ ಪಿಎಲ್ ಬಂದರೆ ಪನ್ವೇಲ್. ಇನ್ನೂ ಇಳಿಯುವವರು, ಹತ್ತುವವರು ಒಬ್ಬರನ್ನೊಬ್ಬರು ದಾಟುತ್ತಿರುವಾಗಲೇ ಗಾಡಿ ಹೊರಟಿರುತ್ತದೆ. ಎರಡೇ ಪ್ಲಾಟ್‌ಫಾರ್ಮ್‌ನಲ್ಲಿ ಇಷ್ಟು ಗಾಡಿ ತಿರುಗಿಸುವವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ದೂರದ ಗಾಡಿಗಳ ಕಥೆ ಬೇರೆ. ಅವು 8ರಿಂದ 18ರವರೆಗೆ ಬರುತ್ತವೆ. ಇಂಜಿನ್ ಬಫರ್ ಪಕ್ಕ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು ಇಂಜಿನ್ ಆಚೆ ತುದಿಗೆ ಬಂದು ಖಾಲಿ ಬೋಗಿಗಳನ್ನು ವಾಡಿ ಬಂದರ್ ಯಾರ್ಡ್ ಕಡೆ ಎಳೆದುಕೊಂಡು ಹೋದ ಮೇಲೇ ಇದಕ್ಕೆ ಬಿಡುಗಡೆ. ಅಲ್ಲಿಯವರೆಗೆ ಪ್ಲಾಟ್‌ಫಾರ್ಮ್ ತುಂಬಿದ ಹಾಗೇ. ಊರಿನ ಕೆಲವು ಗಾಡಿಗಳು ಕುರ್ಲಾದ ಎಲ್‌ಟಿಟಿಗೇ (ಲೋಕಮಾನ್ಯ ತಿಲಕ್ ಟರ್ಮಿನಸ್) ಯಾಕೆ ಬರುತ್ತವೆ ಅಂತ ಕೇಳುವವರು ಇದನ್ನೊಮ್ಮೆ ನಿಂತು ನೋಡಬೇಕು.

ಮೊದಲ ದೊಡ್ಡ ಬದಲಾವಣೆ ಮೇಲಿನ ತಂತಿಯಲ್ಲಿ ಆಯಿತು. 1925ರಲ್ಲಿ ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿದ್ದು ಇಲ್ಲಿಂದ ಕುರ್ಲಾಕ್ಕೆ, 1500 ವೋಲ್ಟ್ ಡಿಸಿಯಲ್ಲಿ. 2016ರ ಹೊತ್ತಿಗೆ ಹಾರ್ಬರ್ ಲೈನ್ ಸೇರಿ ಎಲ್ಲ ಕಡೆ 25,000 ವೋಲ್ಟ್ ಎಸಿ ಬಂತು. ಪ್ರಯಾಣಿಕರಿಗೆ ವೋಲ್ಟ್ ಕಾಣಿಸುವುದಿಲ್ಲ ನಿಜ. ಆದರೆ ಆಮೇಲೆ ಹೊರಗಿನ ಎಸಿ ವಿದ್ಯುತ್ತಿನ ಇಂಜಿನ್‌ಗಳು ಮಧ್ಯೆ ಬದಲಾಗದೆ ಸೀದಾ ವಿಟಿಗೇ ಬರತೊಡಗಿದವು.

ಆಮೇಲೆ ಬಂದದ್ದು ಎರಡೂ ತುದಿಗೆ ಚಾಲಕರ ಜಾಗ ಇರುವ ಗಾಡಿಗಳು. 2019ರಲ್ಲಿ ಶುರುವಾದ ನಿಜಾಮುದ್ದೀನ್ ರಾಜಧಾನಿಗೆ ಹಿಂದೆ ಒಂದು, ಮುಂದೆ ಒಂದು ಇಂಜಿನ್ ಹಾಕಿದರು. 2023ರ ಫೆಬ್ರವರಿಯಲ್ಲಿ ಸೋಲಾಪುರ ಮತ್ತು ಶಿರ್ಡಿ ವಂದೇ ಭಾರತ್ ಬಂದವು, ಜೂನ್‌ನಲ್ಲಿ ಮಡಗಾಂವ್‌ನದು. ಊರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋದವರಿಗೆ ಕರ್ಜತ್ ನೆನಪಿರುತ್ತದೆ, ಅಲ್ವಾ? ಅಲ್ಲಿ ಗಾಡಿ ನಿಂತು, ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್‌ಗಳು ಸೇರುತ್ತವೆ. ಭೋರ್ ಘಾಟ್ ಅಷ್ಟು ಕಡಿದು, 37 ಅಡಿಗೆ ಒಂದಡಿ ಏರು. ಸೋಲಾಪುರ ವಂದೇ ಭಾರತ್ ಬ್ಯಾಂಕರ್ ಇಲ್ಲದೇ ಹತ್ತುತ್ತದೆ. ವಿಟಿಗೆ ಬಂದ ಮೇಲೂ ಅದರ ಇಂಜಿನ್ ಬಿಡಿಸುವ ರಗಳೆ ಇಲ್ಲ. ಹೊಳೆಯುವ ಸೀಟಿಗಿಂತ ನನಗೆ ಇದೇ ಮುಖ್ಯ.

2020ರ ಡಿಸೆಂಬರ್‌ನಲ್ಲಿ ಮೇನ್ ಲೈನ್‌ಗೆ ಹವಾನಿಯಂತ್ರಿತ (ಎಸಿ) ಲೋಕಲ್ ಬಂತು. ಬೇಸಿಗೆಯಲ್ಲಿ ಅದೇ ಸುಖ, ಅನುಮಾನವೇ ಇಲ್ಲ. ಆದರೆ ಎಲ್ಲ ಬಾಗಿಲು ಮುಚ್ಚದೆ ಅದು ಹೊರಡುವುದಿಲ್ಲ. ಜನ ಬಾಗಿಲಲ್ಲಿ ಜೋತುಬಿದ್ದರೆ ಹಿಂದಿನ ಗಾಡಿಗೂ ಪೆಟ್ಟು. ದಯವಿಟ್ಟು ಮುಂದಿನದಕ್ಕೆ ಕಾಯಿರಿ.

2024ರ ಜೂನ್ ಮೊದಲ ವಾರಾಂತ್ಯ ವಿಟಿಯಲ್ಲಿ 36 ಗಂಟೆಗಳ ಬ್ಲಾಕ್ (ಕಾಮಗಾರಿಗಾಗಿ ರೈಲು ಓಡಾಟಕ್ಕೆ ತಡೆ) ತೆಗೆದುಕೊಂಡರು. 10 ಮತ್ತು 11ನೇ ಪ್ಲಾಟ್‌ಫಾರ್ಮ್‌ಗಳನ್ನು 24 ಬೋಗಿಗೆ ಸಾಕಾಗುವಷ್ಟು ಉದ್ದ ಮಾಡುವ ಕೆಲಸ ಅದು. ಆ ವರ್ಷದ ಇಂಥ ಕಾಮಗಾರಿಗಳ ನಡುವೆ ಮಂಗಳೂರು ಎಕ್ಸ್‌ಪ್ರೆಸ್ ಥಾಣೆಯಲ್ಲೇ ಮುಗಿಯುತ್ತಿತ್ತು. ಲಗೇಜು ಹೊತ್ತು ಅಲ್ಲಿಂದ ಲೋಕಲ್ ಹಿಡಿಯುವುದು ವಯಸ್ಸಾದವರಿಗೆ ಕಷ್ಟದ ಮಾತು. ಆದರೂ ಈ ಕೆಲಸ ಆಗಲೇಬೇಕಿತ್ತು ಅನ್ನುತ್ತೇನೆ. ಹೊಸ ಹಳಿ ಹಾಕಲು ಜಾಗವಿಲ್ಲದ ಕಡೆ ಉದ್ದದ ಗಾಡಿ ಬಿಟ್ಟು ಬೇರೆ ದಾರಿಯಿಲ್ಲ.

2025ರ ಅಕ್ಟೋಬರ್‌ನಲ್ಲಿ ಮೆಟ್ರೋ 3 ಕಫ್ ಪರೇಡ್‌ವರೆಗೆ ಶುರುವಾಗಿ, ವಿಟಿ ಪಕ್ಕದಲ್ಲೇ ನೆಲದಡಿ ನಿಲ್ದಾಣ ಸಿಕ್ಕಿದೆ. ಮಳೆಗಾಲದಲ್ಲಿ ಟ್ಯಾಕ್ಸಿಗೆ ಕಾಯುವುದು ತಪ್ಪಿತು.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಆ ಒಂದು ಅಂಕ ಕಳೆದದ್ದು ಹಾರ್ಬರ್‌ಗೆ ಮೂರನೇ ಪ್ಲಾಟ್‌ಫಾರ್ಮ್ ಇಲ್ಲದ್ದಕ್ಕೆ. ಸಂಜೆ ಇಲ್ಲಿಂದಲೇ ಗಾಡಿ ಹೊರಡುತ್ತದೆ, ಸೀಟು ಗ್ಯಾರಂಟಿ ಅಂದುಕೊಳ್ಳಬೇಡಿ. ಮಸ್ಜಿದ್, ಬೈಕುಲ್ಲಾದಲ್ಲೇ ವಿಟಿ ಕಡೆಯ ಗಾಡಿ ಹತ್ತಿ, ಸೀಟು ಬಿಡದೆ ಹಾಗೇ ವಾಪಸ್ ಹೋಗುವವರು ತುಂಬಾ ಜನ. ಪ್ಲಾಟ್‌ಫಾರ್ಮ್ ನಂಬರಿಗೆ ಮೊಬೈಲ್ ಆ್ಯಪ್ ನಂಬಿ ಕೂರಬೇಡಿ. ನಾನು ಬಳಸುತ್ತಿದ್ದ ಒಂದು ಆ್ಯಪ್ ಕೊನೇ ಗಳಿಗೆಯವರೆಗೂ ತಪ್ಪು ನಂಬರ್ ತೋರಿಸಿತ್ತು. ತಲೆಯ ಮೇಲಿನ ಬೋರ್ಡ್ ನೋಡಿ, ಅನೌನ್ಸ್‌ಮೆಂಟ್ ಕೇಳಿ.

ಭಾನುವಾರ ಬರುವವರು ಹಿಂದಿನ ದಿನವೇ ಮೆಗಾಬ್ಲಾಕ್ (ಹಳಿ ದುರಸ್ತಿಯ ಭಾನುವಾರದ ಬ್ಲಾಕ್) ಯಾವ ಲೈನಿನಲ್ಲಿ ಅಂತ ನೋಡಿಕೊಳ್ಳಿ. ಸಾಮಾನ್ಯವಾಗಿ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಇರುತ್ತದೆ. ದೂರದ ಗಾಡಿ 14ರಿಂದ 18ರ ನಡುವೆ ಇದ್ದರೆ ಟ್ಯಾಕ್ಸಿಯವರಿಗೆ ಪಿ. ಡಿಮೆಲ್ಲೊ ರಸ್ತೆ ಗೇಟ್ ಅಂತ ಹೇಳಿ. ಮುಂಬಾಗಿಲಿಂದ ಬಂದರೆ ಪೆಟ್ಟಿಗೆ ಎಳೆದುಕೊಂಡು ಎಲ್ಲ ಪ್ಲಾಟ್‌ಫಾರ್ಮ್‌ಗಳ ಮುಂದಿನಿಂದ ಸುಮ್ನೆ ನಡೆಯಬೇಕಾಗುತ್ತದೆ.